ತಿರುಗುವ ಗುಂಡು: ಜೀವಕೋಶದ ಶಕ್ತಿ ಮತ್ತು ಒಂದು ಪುಟ್ಟ ಉಪಘಟಕ

(ಮೈಸೂರಿನ ಸರಸ್ವತಿಪುರಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮೇಜಿನ ಮೇಲೆ ಹಣ್ಣಿನ ತಟ್ಟೆಯ ಪಕ್ಕದಲ್ಲಿ ಒಂದು ಕಲ್ಲು ಇದೆ. ಬಂದಾಗಿನಿಂದ ಎಲ್ಲರ ಕಣ್ಣೂ ಅದರ ಮೇಲೇ ಇದೆ. ಅದು ನಮ್ಮ ಮನೆಯ ಒರಳಿನ ಗುಂಡು. ಒರಳನ್ನೂ ತರಬೇಕೆಂದಿದ್ದೆ, ಆಗಲಿಲ್ಲ. ಅದು ಹಿತ್ತಿಲ ಮೂಲೆಯಲ್ಲಿ ನೆಲಕ್ಕೆ ಕಚ್ಚಿಕೊಂಡು ಕೂತಿದೆ, ಮಳೆನೀರು ತುಂಬಿಕೊಂಡು ಪಿಕಳಾರಗಳಿಗೆ ನೀರು ಕುಡಿಯುವ ಬಟ್ಟಲಾಗಿದೆ. ಗುಂಡನ್ನು ನೀವು ಹತ್ತಿರ ಬಂದು ಮುಟ್ಟಿ ನೋಡಿ. ಮೇಲ್ತುದಿಯಲ್ಲಿ ಮರದ ಹಿಡಿ ಕೂರಿಸುತ್ತಿದ್ದ ಕುಳಿ ಇದೆ. ಕೆಳತುದಿ ಒಂದು ಕಡೆ ಹೆಚ್ಚು ಸವೆದಿದೆ. ಅದಕ್ಕೆ ಕಾರಣ ಇದೆ: ಗುಂಡು ಒರಳಿನೊಳಗೆ ನೆಟ್ಟಗೆ ನಿಂತು ತಿರುಗುವುದಿಲ್ಲ, ಒಂದು ಪಕ್ಕಕ್ಕೆ ಒರಗಿಕೊಂಡು ತಿರುಗುತ್ತದೆ. ಯಾವ ಗಳಿಗೆಯಲ್ಲಿ ನೋಡಿದರೂ ಅದು ಒರಳಿನ ಒಂದೇ ಮಗ್ಗುಲನ್ನು ಒತ್ತುತ್ತಿರುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಗುಂಡನ್ನು ಹೆಚ್ಚು ತಿರುಗಿಸಿದವರು ನನ್ನ ಸೋದರತ್ತೆ. 1960ರ ದಶಕದಲ್ಲಿ, ಇಪ್ಪತ್ತಾರನೆಯ ವಯಸ್ಸಿಗೆ, ಅವರಿಗೆ ಕ್ಷಯ ಬಂತು. ಕೆ.ಆರ್.ಎಸ್. ರಸ್ತೆಯ ಸ್ಯಾನಿಟೋರಿಯಂನಲ್ಲಿ ತಿಂಗಳುಗಟ್ಟಲೆ ಇದ್ದರು. ದಿನವೂ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಐಸೊನಯಜಿಡ್ ಮಾತ್ರೆ, ಗಂಟಲಲ್ಲಿ ಇಳಿಯದ ಪಿ.ಎ.ಎಸ್. ಪುಡಿ. ಒಂದೂವರೆ ವರ್ಷದ ಔಷಧಿ ಮುಗಿಸಿ ಗುಣವಾದರು. ಮನೆಗೆ ಬಂದ ಮೇಲೂ ಅವರ ತಟ್ಟೆ ಲೋಟ ಬಹಳ ದಿನ ಬೇರೆಯೇ ಇತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಇತ್ತು. ಒಂದು ಬೆಳಿಗ್ಗೆ ಅವರು ದೋಸೆಗೆ ರುಬ್ಬಲು ಕೂತದ್ದು ನನಗೆ ನೆನಪಿದೆ. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಕೈ ಸೋತು ಗುಂಡಿನ ಮೇಲೆ ಹಣೆಯಿಟ್ಟುಕೊಂಡು ಕೂತರು. "ಮೈಯಲ್ಲಿ ಶಕ್ತಿಯೇ ಇಲ್ಲ ಕಣೋ" ಎಂದರು. ಶಕ್ತಿ ಅಂದರೆ ಏನು, ಅದು ಮೈಯಲ್ಲಿ ಎಲ್ಲಿರುತ್ತದೆ ಎಂದು ನಾನು ಕೇಳಿದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಜೀವರಸಾಯನಶಾಸ್ತ್ರದ ಮೇಷ್ಟ್ರಾದೆ. ಇವತ್ತು ಆ ಉತ್ತರವನ್ನು ನಿಮ್ಮ ಮುಂದೆ ಇಡುತ್ತೇನೆ. ಆ ಉತ್ತರದ ಒಳಗೇ ಕ್ಷಯಕ್ಕೆ ಒಂದು ಹೊಸ ಮದ್ದು ಅಡಗಿತ್ತು. ಅದನ್ನು ತಿಳಿಯಲು ಅತ್ತೆ ಉಳಿದಿರಲಿಲ್ಲ.

ಶಕ್ತಿ ಮೈಯಲ್ಲಿ ಓಡಾಡುವುದು ಎಟಿಪಿ ಎಂಬ ಅಣುವಿನ ರೂಪದಲ್ಲಿ. ಅಡಿನೋಸಿನ್ ಎಂಬ ಭಾಗಕ್ಕೆ ಸಾಲಾಗಿ ಮೂರು ಫಾಸ್ಫೇಟುಗಳು ಕಟ್ಟಿಕೊಂಡಿರುತ್ತವೆ. ಕೊನೆಯದು ಕಳಚಿದಾಗ ಹೊಮ್ಮುವ ಶಕ್ತಿಯಿಂದ ಸ್ನಾಯು ಸೆಳೆಯುತ್ತದೆ, ನರ ಮಿಡಿಯುತ್ತದೆ, ಹೃದಯ ಬಡಿಯುತ್ತದೆ. 1929ರಲ್ಲಿ ಇದನ್ನು ಜರ್ಮನಿಯ ಕಾರ್ಲ್ ಲೋಮನ್ ಕಂಡುಹಿಡಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಸ್ವತಂತ್ರವಾಗಿ ಕಂಡುಹಿಡಿದರು. ಸುಬ್ಬರಾಯರ ಹೆಸರು ನಮ್ಮ ಶಾಲೆಯ ಪಠ್ಯಗಳಲ್ಲಿ ಇನ್ನೂ ದೊಡ್ಡದಾಗಿ ಬರಬೇಕು ಎಂಬುದು ನನ್ನ ಬಹುಕಾಲದ ಹಂಬಲ. ಆನೆಕಾಲು ರೋಗದ ವಿರುದ್ಧ ಕರಾವಳಿಯಲ್ಲಿ ಮನೆಮನೆಗೆ ಹಂಚಿದ ಡಿ.ಇ.ಸಿ. ಮಾತ್ರೆಯ ಹಿಂದೆಯೂ ಅವರ ಪ್ರಯೋಗಾಲಯ ಇದೆ.

ನಮ್ಮ ಇಡೀ ಮೈಯಲ್ಲಿ ಯಾವುದೇ ಕ್ಷಣ ಇರುವ ಎಟಿಪಿ ನೂರು ಗ್ರಾಮಿನ ಒಳಗೆ. ಆದರೆ ಒಂದು ದಿನಕ್ಕೆ ನಾವು ಬಳಸುವುದು ಹೆಚ್ಚುಕಡಿಮೆ ನಮ್ಮ ತೂಕದಷ್ಟು. ಒಂದೇ ಬಿಂದಿಗೆಯನ್ನು ದಿನಕ್ಕೆ ನೂರಾರು ಸಲ ಖಾಲಿ ಮಾಡಿ ತುಂಬಿದ ಹಾಗೆ. ಕಳಚಿದ ಫಾಸ್ಫೇಟನ್ನು ಮತ್ತೆ ಕಟ್ಟುವವರು ಯಾರು?

ಉಣ್ಣುವ ಅನ್ನ, ಮುದ್ದೆ ಎಲ್ಲ ಕೊನೆಗೆ ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಪುಟ್ಟ ಚೀಲಗಳಲ್ಲಿ, ನಾವು ಉಸಿರಾಡುವ ಆಮ್ಲಜನಕದ ಜೊತೆ ಸೇರಿ ಉರಿಯುತ್ತದೆ ಎಂಬುದು 1950ರ ಹೊತ್ತಿಗೆ ಗೊತ್ತಿತ್ತು. ಉರಿಯುವುದಕ್ಕೂ ಎಟಿಪಿ ಹುಟ್ಟುವುದಕ್ಕೂ ನಡುವಿನ ಕೊಂಡಿ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಎಲ್ಲರೂ ಒಂದು ಮಧ್ಯವರ್ತಿ ರಾಸಾಯನಿಕಕ್ಕಾಗಿ ಹುಡುಕುತ್ತಿದ್ದರು. 1961ರಲ್ಲಿ ಇಂಗ್ಲೆಂಡಿನ ಪೀಟರ್ ಮಿಚೆಲ್, ಅಂಥ ರಾಸಾಯನಿಕವೇ ಇಲ್ಲ, ಇರುವುದು ಒಂದು ಅಣೆಕಟ್ಟು ಎಂದರು.

ಮೈಸೂರಿನವರಿಗೆ ಇದನ್ನು ತಿಳಿಸುವುದು ಸುಲಭ. ಶಿವನಸಮುದ್ರದಲ್ಲಿ ಕಾವೇರಿಯ ನೀರು ಎತ್ತರದಿಂದ ಕೊಳವೆಗಳಲ್ಲಿ ಇಳಿದು ಚಕ್ರ ತಿರುಗಿಸಿತು. 1902ರಲ್ಲಿ ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ನೀರು ಮೇಲೆ ಕಟ್ಟಿನಿಂತಿರುವುದೇ ಅಲ್ಲಿ ಶಕ್ತಿ. ಮೈಟೊಕಾಂಡ್ರಿಯದಲ್ಲಿ ಕಟ್ಟಿನಿಲ್ಲುವುದು ನೀರಿನ ಬದಲು ಪ್ರೋಟಾನು, ಅಂದರೆ ಎಲೆಕ್ಟ್ರಾನು ಕಳೆದುಕೊಂಡ ಜಲಜನಕ. ಅನ್ನ ಉರಿಯುವಾಗ ಹೊಮ್ಮುವ ಶಕ್ತಿಯಿಂದ ಪ್ರೋಟಾನುಗಳನ್ನು ಒಳಪೊರೆಯ ಆಚೆಗೆ ಎತ್ತಿಹಾಕಲಾಗುತ್ತದೆ. ಅವು ಮತ್ತೆ ಒಳಗೆ ಬರಲು ತವಕಿಸುತ್ತವೆ. ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್, ಅದರ ಎರಡು ಪಕ್ಕಗಳ ನಡುವೆ ಸುಮಾರು 0.15 ವೋಲ್ಟ್. ಕೇಳಲು ಅಲ್ಪ. ಲೆಕ್ಕ ಹಾಕಿದರೆ ಮೀಟರಿಗೆ ಮೂರು ಕೋಟಿ ವೋಲ್ಟ್, ಸಿಡಿಲಿನ ಮಟ್ಟದ ಸೆಳೆತ. ಮಿಚೆಲ್ ಮಾತನ್ನು ವರ್ಷಗಟ್ಟಲೆ ಹಲವರು ತಳ್ಳಿಹಾಕಿದರು. 1978ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾದರೆ ಈ ಅಣೆಕಟ್ಟಿನ ಕೆಳಗಿನ ಚಕ್ರ ಯಾವುದು? ಎಟಿಪಿ ಸಿಂಥೇಸ್ ಎಂಬ ಕಿಣ್ವ. 1960ರಲ್ಲಿ ನ್ಯೂಯಾರ್ಕಿನಲ್ಲಿ ಎಫ್ರೈಮ್ ರ್‍ಯಾಕರ್ ಮತ್ತು ಸಂಗಡಿಗರು ಇದರ ತಲೆಯ ಭಾಗವನ್ನು ದನದ ಹೃದಯದಿಂದ ಬೇರ್ಪಡಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಳಪೊರೆಯ ಮೇಲೆ ಸಾಲುಸಾಲಾಗಿ, ಕಡ್ಡಿಯ ತುದಿಗೆ ಉಂಡೆ ಅಂಟಿಸಿದ ಹಾಗೆ ಕಾಣುತ್ತಿತ್ತು. ಆ ಉಂಡೆಯ ಅಗಲ ಒಂದು ಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು.

ಈ ಕಿಣ್ವ ಒಂದೇ ಪ್ರೋಟೀನು ಅಲ್ಲ. ಹಲವು ಪ್ರೋಟೀನುಗಳು ಸೇರಿದ ಯಂತ್ರ. ಅದರ ಒಂದೊಂದು ಬಿಡಿಭಾಗಕ್ಕೆ ನಾವು ಉಪಘಟಕ ಎನ್ನುತ್ತೇವೆ. ತಲೆಯಲ್ಲಿ ಆಲ್ಫಾ ಎಂಬುದು ಮೂರು, ಬೀಟಾ ಎಂಬುದು ಮೂರು, ಕಿತ್ತಳೆಯ ತೊಳೆಗಳ ಹಾಗೆ ಒಂದು ಬಿಟ್ಟು ಒಂದು ಜೋಡಿಸಿಕೊಂಡಿವೆ. ನಡುವೆ ಟೊಳ್ಳು. ಆ ಟೊಳ್ಳಿನಲ್ಲಿ ತುಸು ಬಾಗಿದ ಒಂದು ಕಂಬ, ಗಾಮಾ ಉಪಘಟಕ. ಈಗ ಮತ್ತೆ ಈ ಮೇಜಿನ ಕಡೆ ನೋಡಿ. ಆರು ತೊಳೆಗಳು ಸೇರಿ ಒರಳು. ಗಾಮಾ ಅದರೊಳಗಿನ ಗುಂಡು.

ಅಮೆರಿಕದ ಪಾಲ್ ಬಾಯರ್ 1970ರ ದಶಕದಲ್ಲಿ ಬರಿಯ ರಾಸಾಯನಿಕ ಪ್ರಯೋಗಗಳಿಂದ ಎರಡು ವಿಚಿತ್ರ ತೀರ್ಮಾನಗಳಿಗೆ ಬಂದರು. ಮೊದಲನೆಯದು: ಫಾಸ್ಫೇಟನ್ನು ಕಟ್ಟಿ ಎಟಿಪಿ ಮಾಡಲು ಕಿಣ್ವಕ್ಕೆ ಹೆಚ್ಚು ಶಕ್ತಿ ಬೇಡ. ಮಾಡಿದ ಎಟಿಪಿಯನ್ನು ತನ್ನ ಹಿಡಿತದಿಂದ ಬಿಡಲು ಶಕ್ತಿ ಬೇಕು. ಒರಳಿನ ಮುಂದೆ ಕೂತವರಿಗೆ ಇದು ಹೊಸದಲ್ಲ: ಉದ್ದಿನ ಹಿಟ್ಟು ರುಬ್ಬುವುದು ಒಂದು ಪಾಲಾದರೆ, ಅಂಟಿಕೊಂಡ ಹಿಟ್ಟನ್ನು ಬಳಿದು ಎತ್ತುವುದೇ ದೊಡ್ಡ ಪಾಲು. ಎರಡನೆಯದು: ಮೂರು ಬೀಟಾಗಳೂ ಒಂದೇ ಹೊತ್ತಿಗೆ ಒಂದೇ ಕೆಲಸದಲ್ಲಿ ಇರುವುದಿಲ್ಲ. ಒಂದು ಕಚ್ಚಾವಸ್ತುವನ್ನು ಒಳಗೆ ಬಿಟ್ಟುಕೊಳ್ಳುತ್ತಿರುತ್ತದೆ, ಇನ್ನೊಂದು ಬಿಗಿಹಿಡಿದು ಕಟ್ಟುತ್ತಿರುತ್ತದೆ, ಮೂರನೆಯದು ತಯಾರಾದದ್ದನ್ನು ಹೊರಗೆ ಬಿಡುತ್ತಿರುತ್ತದೆ. ಆಮೇಲೆ ಸರದಿ ಬದಲಾಗುತ್ತದೆ. ಸರದಿ ಬದಲಾಯಿಸುವವರು ಯಾರು? ನಡುವೆ ಏನೋ ತಿರುಗುತ್ತಿರಬೇಕು ಎಂದರು ಬಾಯರ್. ಜೀವದೊಳಗೆ ಚಕ್ರ ತಿರುಗುತ್ತದೆ ಎಂದರೆ ಆಗ ಹೆಚ್ಚಿನವರು ನಂಬಲಿಲ್ಲ.

1994ರಲ್ಲಿ ಕೇಂಬ್ರಿಜ್‌ನ ಜಾನ್ ವಾಕರ್ ತಂಡ ದನದ ಹೃದಯದ ಕಿಣ್ವವನ್ನು ಹರಳುಗಟ್ಟಿಸಿ, ಎಕ್ಸ್-ಕಿರಣದಿಂದ ಅದರ ಅಂಗಾಂಗ ಬಿಡಿಸಿತು. ಮೂರು ಬೀಟಾಗಳೂ ಮೂರು ಬೇರೆ ಬೇರೆ ಭಂಗಿಯಲ್ಲಿದ್ದವು. ಒಂದರ ಬಾಯಿ ಪೂರಾ ತೆರೆದಿತ್ತು. ನಡುವಿನ ಗಾಮಾ ಒಂದು ಕಡೆ ಒರಗಿ ಒಂದೊಂದು ಬೀಟಾವನ್ನು ಒಂದೊಂದು ಬಗೆಯಲ್ಲಿ ಒತ್ತಿತ್ತು. ಗುಂಡು ಒರಳಿನ ಒಂದೇ ಮಗ್ಗುಲನ್ನು ಒತ್ತುತ್ತದೆ ಎಂದೆನಲ್ಲ, ಅದೇ. ಗಾಮಾ ಒಂದು ಸುತ್ತಿನ ಮೂರನೇ ಒಂದು ಭಾಗ ತಿರುಗಿದರೆ ಮೂರೂ ಬೀಟಾಗಳ ಸರದಿ ಬದಲು. ಪೂರ್ತಿ ಸುತ್ತಿಗೆ ಮೂರು ಎಟಿಪಿ. ಬಾಯರ್ ಮತ್ತು ವಾಕರ್ ಇಬ್ಬರಿಗೂ 1997ರಲ್ಲಿ ನೊಬೆಲ್ ಬಂದಾಗ ಬಾಯರ್‌ಗೆ 79 ವರ್ಷ.

ಅದೇ 1997ರಲ್ಲಿ ಜಪಾನಿನಲ್ಲಿ ನಡೆದ ಪ್ರಯೋಗವನ್ನು ನಾನು ತರಗತಿಯಲ್ಲಿ ಹೇಳುವಾಗಲೆಲ್ಲ ಮಕ್ಕಳು ಪೆನ್ನು ಕೆಳಗಿಡುತ್ತಿದ್ದರು. ಹಿರೊಯುಕಿ ನೋಜಿ, ಮಾಸಾಸುಕೆ ಯೋಶಿದಾ, ಕಜುಹಿಕೊ ಕಿನೊಸಿತಾ ಮತ್ತು ಸಂಗಡಿಗರು ಈ ತಲೆಗಳನ್ನು ಬುಡಮೇಲು ಮಾಡಿ ಗಾಜಿನ ಮೇಲೆ ಅಂಟಿಸಿದರು, ಗಾಮಾದ ತುದಿ ಮೇಲೆ ಬರುವಂತೆ. ಆ ತುದಿಗೆ ಸ್ನಾಯುವಿನಲ್ಲಿ ಸಿಗುವ ಆಕ್ಟಿನ್ ಎಂಬ ಪ್ರೋಟೀನಿನ ಹೊಳೆಯುವ ಎಳೆಯೊಂದನ್ನು ಕಟ್ಟಿದರು. ಒರಳು ಒಂದು ಅಡಿ ಅಗಲ ಎಂದುಕೊಂಡರೆ ಆ ಎಳೆ ಇನ್ನೂರು ಅಡಿಯ ಬಿದಿರು. ಮೇಲೆ ಎಟಿಪಿ ಸುರಿದರು. ಸೂಕ್ಷ್ಮದರ್ಶಕದಲ್ಲಿ ಎಳೆ ಗಿರಗಿರನೆ, ಒಂದೇ ದಿಕ್ಕಿಗೆ ತಿರುಗಿತು. ಎಟಿಪಿ ಒಡೆದಾಗ ಗುಂಡು ತಾನಾಗಿ ತಿರುಗುತ್ತದೆ ಎಂದಾಯಿತು. 2004ರಲ್ಲಿ ಜಪಾನಿನವರೇ ಉಲ್ಟಾ ಮಾಡಿ ತೋರಿಸಿದರು: ಗಾಮಾದ ತುದಿಗೆ ಕಾಂತದ ಮಣಿ ಅಂಟಿಸಿ, ಹೊರಗಿನಿಂದ ಕಾಂತ ತಿರುಗಿಸಿ, ಎಟಿಪಿ ಹುಟ್ಟಿಸಿದರು. ಮಿಣುಕುಹುಳುವಿನ ಬೆಳಕಿನ ಕಿಣ್ವ ಮಿನುಗಿ, ಹುಟ್ಟಿದ್ದು ಎಟಿಪಿಯೇ ಎಂದು ಸಾಕ್ಷಿ ಹೇಳಿತು. ಜೀವರಸಾಯನದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ನಾನು ಕಂಡಿಲ್ಲ.

ಆದರೆ ಜೀವಕೋಶದೊಳಗೆ ಯಾರೂ ಕಾಂತ ಹಿಡಿದು ನಿಂತಿಲ್ಲ. ಗುಂಡಿನ ಹಿಡಿಯನ್ನು ತಿರುಗಿಸುವ ಕೈ ಯಾವುದು? ಇವತ್ತಿನ ನನ್ನ ನಿಜವಾದ ವಿಷಯ ಇಲ್ಲಿ ಶುರುವಾಗುತ್ತದೆ.

ಗಾಮಾದ ಬುಡ ಪೊರೆಯೊಳಗೆ ಕೂತ ಒಂದು ಬಳೆಯ ಮೇಲೆ ನಿಂತಿದೆ. ಆ ಬಳೆಯನ್ನು ಮಾಡಿರುವುದು ಸಿ ಎಂಬ ಉಪಘಟಕದ ಪ್ರತಿಗಳು. ಇಡೀ ಯಂತ್ರದ ಅತಿ ಸಣ್ಣ ಬಿಡಿಭಾಗಗಳಲ್ಲಿ ಇದೂ ಒಂದು. ನಮ್ಮಲ್ಲಿ ಅದು ಕೇವಲ 75 ಅಮೈನೊ ಆಮ್ಲಗಳ ಸರ, ಹೇರ್‌ಪಿನ್ನಿನ ಹಾಗೆ ನಡುವೆ ಮಡಚಿಕೊಂಡಿದೆ. ಮಡಿಕೆಯ ಒಂದು ಕಾಲಿನ ನಡುಭಾಗದಲ್ಲಿ ಒಂದೇ ಒಂದು ಆಮ್ಲೀಯ ಕೊಂಡಿ, ಗ್ಲುಟಾಮಿಕ್ ಆಮ್ಲ. ಪ್ರೋಟಾನು ಕೂರುವುದು ಅಲ್ಲಿ. ಬಳೆಯ ಪಕ್ಕದಲ್ಲಿ ಅಲುಗಾಡದೆ ನಿಂತಿರುವುದು ಎ ಎಂಬ ಉಪಘಟಕ. ಅದರಲ್ಲಿ ಎರಡು ಅರ್ಧ ಓಣಿಗಳಿವೆ: ಒಂದು ಹೊರಗಿನಿಂದ ಪೊರೆಯ ನಡುವಿನವರೆಗೆ, ಇನ್ನೊಂದು ಪೊರೆಯ ನಡುವಿನಿಂದ ಒಳಗಿನವರೆಗೆ.

ದಸರಾ ವಸ್ತುಪ್ರದರ್ಶನದಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವ ತಿರುಗು ಕುದುರೆಯನ್ನು ನೆನೆಯಿರಿ. ಒಂದು ಬಾಗಿಲಿನಿಂದ ಒಳಗೆ ಹೋಗಿ ಕುದುರೆ ಹತ್ತಬೇಕು. ಸುತ್ತೆಲ್ಲ ಮುಗಿಸಿ, ಹತ್ತಿದ ಜಾಗದ ಪಕ್ಕದಲ್ಲೇ ಇರುವ ಇನ್ನೊಂದು ಬಾಗಿಲಿನಿಂದ ಇಳಿದು ಹೋಗಬೇಕು. ಪ್ರೋಟಾನು ಮಾಡುವುದೂ ಇಷ್ಟೆ. ಹೊರಗಿನ ಓಣಿಯಿಂದ ಬಂದು ಸಿ ಉಪಘಟಕವೊಂದರ ಮೇಲೆ ಕೂರುತ್ತದೆ, ಬಳೆ ಸುತ್ತುತ್ತದೆ, ಒಳಗಿನ ಓಣಿಯಲ್ಲಿ ಇಳಿಯುತ್ತದೆ. ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಖಾಲಿ ಕುದುರೆ ಸುತ್ತಿಗೆ ಹೊರಡುವ ಹಾಗಿಲ್ಲ. ಪ್ರೋಟಾನು ಇಲ್ಲದ ಆಮ್ಲಕ್ಕೆ ವಿದ್ಯುದಂಶ ಇರುತ್ತದೆ, ಪೊರೆಯ ಜಿಡ್ಡಿನೊಳಗೆ ಅದು ಇಳಿಯಲಾರದು. ಪ್ರೋಟಾನು ಕೂತರೆ ವಿದ್ಯುದಂಶ ಅಳಿದು ದಾರಿ ತೆರೆಯುತ್ತದೆ. ಆದ್ದರಿಂದ ಬಳೆ ಹಿಂದೆಮುಂದೆ ಓಲಾಡದೆ ಒಂದೇ ದಿಕ್ಕಿಗೆ ಸಾಗುತ್ತದೆ. ಬಳೆ ತಿರುಗಿದರೆ ಅದರ ಮೇಲಿನ ಗಾಮಾ ತಿರುಗುತ್ತದೆ, ಗಾಮಾ ತಿರುಗಿದರೆ ಎಟಿಪಿ. ಸೆಕೆಂಡಿಗೆ ಸುಮಾರು ನೂರು ಸುತ್ತು.

ಒರಳೇ ಗುಂಡಿನ ಜೊತೆ ತಿರುಗಿಬಿಟ್ಟರೆ ಏನೂ ರುಬ್ಬುವುದಿಲ್ಲ. ಅದಕ್ಕೇ ಹಿಂದಿನವರು ಒರಳನ್ನು ನೆಲಕ್ಕೆ ಹೂಳುತ್ತಿದ್ದರು. ಇಲ್ಲೂ ಹಾಗೆಯೇ, ಪಕ್ಕದಲ್ಲಿ ಇನ್ನೊಂದು ಕಂಬ ತಲೆಯನ್ನು ಎ ಉಪಘಟಕಕ್ಕೆ ಬಿಗಿದು ನಿಲ್ಲಿಸಿದೆ.

ಬಳೆಯಲ್ಲಿ ಸಿ ಎಷ್ಟು ಎಂಬುದು ಜೀವಿಯಿಂದ ಜೀವಿಗೆ ಬೇರೆ. ನಮ್ಮಲ್ಲಿ ಮತ್ತು ದನದಲ್ಲಿ 8, ಯೀಸ್ಟಿನಲ್ಲಿ 10, ಪಾಲಕ್ ಸೊಪ್ಪಿನ ಹರಿದ್ರೇಣುವಿನಲ್ಲಿ (ಕ್ಲೋರೊಪ್ಲಾಸ್ಟ್) 14. ಒಂದು ಸುತ್ತಿಗೆ ಮೂರೇ ಎಟಿಪಿ ಎಂದಮೇಲೆ, ಸಿ ಕಡಿಮೆ ಇದ್ದಷ್ಟೂ ಒಂದು ಎಟಿಪಿಗೆ ತಗಲುವ ಪ್ರೋಟಾನು ಕಡಿಮೆ. ನಮಗೆ 8 ಭಾಗಿಸು 3, ಸುಮಾರು 2.7. ಮನುಷ್ಯನ ದೇಹ ಈ ವಿಷಯದಲ್ಲಿ ಬಹಳ ಮಿತವ್ಯಯಿ.

ಎ ಉಪಘಟಕದ ಬಗ್ಗೆ ಒಂದು ಮಾತು. ಅದರ ಜೀನು ಮೈಟೊಕಾಂಡ್ರಿಯದೊಳಗಿನ 16,569 ಅಕ್ಷರಗಳ ಪುಟ್ಟ ಡಿಎನ್‌ಎಯಲ್ಲಿದೆ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. 8,993ನೆಯ ಅಕ್ಷರ ಬದಲಾದ ಕೆಲವು ಮಕ್ಕಳಲ್ಲಿ ಮಿದುಳು, ಕಣ್ಣು, ಸ್ನಾಯು ಸೋಲುತ್ತವೆ. ಅಂಥ ಮಗುವಿನ ತಾಯಿಯನ್ನು ದಯವಿಟ್ಟು ಯಾರೂ ದೂರಬೇಡಿ. ಆ ಅಕ್ಷರವನ್ನು ಆಕೆ ಬರೆದದ್ದಲ್ಲ.

ಈಗ ಕ್ಷಯಕ್ಕೆ ಬರೋಣ. ನಮ್ಮ ಊರಿನ ಪಿ.ಕೆ.ಟಿ.ಬಿ. ಆಸ್ಪತ್ರೆಯ ಹೆಸರಿನಲ್ಲಿರುವ 'ಪಿ.ಕೆ.' ಎಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಇನ್ನಿಬ್ಬರು ಸೋದರಿಯರ ಅರಮನೆಗಳು ನಮಗೆ ಹತ್ತಿರದ ಪರಿಚಯ: ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ, ಸಿ.ಎಫ್.ಟಿ.ಆರ್.ಐ. ಇರುವ ಚೆಲುವಾಂಬ ಮಹಲು. ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯ ಕೊಂಡೊಯ್ದಿತು. ಅವರ ನೆನಪಿಗೆ 1921ರಲ್ಲಿ, ಮುಂದೆ ಅತ್ತೆ ಇದ್ದ ಆ ಸ್ಯಾನಿಟೋರಿಯಂ ಎದ್ದಿತು. ಆಗ ಅರಮನೆಯವರಿಗೂ ಔಷಧಿ ಇರಲಿಲ್ಲ. ಗಾಳಿ, ಬೆಳಕು, ಹಾಲು, ವಿಶ್ರಾಂತಿ ಇಷ್ಟೇ. ಅತ್ತೆಯ ಕಾಲಕ್ಕೆ ಔಷಧಿ ಬಂದಿತ್ತು. ಈಗ ಆ ಔಷಧಿಗಳಿಗೇ ಬಗ್ಗದ ಕ್ಷಯ ಬಂದಿದೆ. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ.

ಕ್ಷಯದ ಕೀಟಾಣುವಿನ ಒಂದು ಕೆಟ್ಟ ಗುಣ, ಅದು ನಿದ್ದೆ ಹೋಗುತ್ತದೆ. ಬೆಳೆಯುವುದಿಲ್ಲ, ಒಡೆಯುವುದಿಲ್ಲ, ಸುಮ್ಮನೆ ಬಿದ್ದಿರುತ್ತದೆ. ಹಳೆಯ ಔಷಧಿಗಳು ಹೆಚ್ಚಾಗಿ ಬೆಳೆಯುವ ಕೀಟಾಣುವನ್ನು ಹೊಡೆಯುವಂಥವು, ಮಲಗಿದವನು ತಪ್ಪಿಸಿಕೊಳ್ಳುತ್ತಾನೆ. ಆದರೆ ನಿದ್ದೆಯಲ್ಲಿದ್ದರೂ ಉಸಿರು ಇರಲೇಬೇಕು, ಒಂದಿಷ್ಟು ಎಟಿಪಿ ಹುಟ್ಟುತ್ತಿರಲೇಬೇಕು. ಹಲವು ಬ್ಯಾಕ್ಟೀರಿಯಾಗಳು ಹುದುಗಿನಿಂದಲೇ ಎಟಿಪಿ ಮಾಡಿಕೊಂಡು ಬದುಕಬಲ್ಲವು. ಕ್ಷಯದ ಕೀಟಾಣುವಿಗೆ ಆ ದಾರಿ ಸಾಲದು, ಗುಂಡು ತಿರುಗಲೇಬೇಕು. ಅದಕ್ಕೆ ಮೈಟೊಕಾಂಡ್ರಿಯ ಇಲ್ಲ, ತನ್ನ ಕೋಶಪೊರೆಯಲ್ಲೇ ಈ ಯಂತ್ರವನ್ನು ಕೂರಿಸಿಕೊಂಡಿದೆ. ಅದರ ಬಳೆಯಲ್ಲಿ ಸಿ ಉಪಘಟಕಗಳು 9, ಒಂದೊಂದರಲ್ಲಿ 81 ಅಮೈನೊ ಆಮ್ಲ.

ಬೆಲ್ಜಿಯಂನ ಯಾನ್ಸೆನ್ ಕಂಪನಿಯ ಕೂನ್ ಆಂಡ್ರೀಸ್ ಮತ್ತು ಸಂಗಡಿಗರು ಈ ಬಳೆಯನ್ನು ಹುಡುಕಿಕೊಂಡು ಹೋದವರಲ್ಲ. ಕ್ಷಯದ ಕೀಟಾಣುವಿನ ಒಬ್ಬ ಸಾಧು ದಾಯಾದಿಯ ಮೇಲೆ ಅಣುಗಳನ್ನು ಒಂದಾದ ಮೇಲೊಂದು ಸುರಿದು ನೋಡಿದರು. ಒಂದು ಜಾತಿಯ ಅಣು ಕೊಂದಿತು. ಹೇಗೆ ಕೊಂದಿತು ಎಂದು ತಿಳಿಯಲು, ಅದರಿಂದ ಸಾಯದೆ ಉಳಿದ ಕೀಟಾಣುಗಳ ಇಡೀ ಡಿಎನ್‌ಎಯನ್ನು ಓದಿಸಿ ಹೋಲಿಸಿದರು. ಎಲ್ಲದರಲ್ಲೂ ಬದಲಾಗಿದ್ದ ಜೀನು ಒಂದೇ, ಸಿ ಉಪಘಟಕದ್ದು. ಕ್ಷಯದ ಕೀಟಾಣುವಿನಲ್ಲಿ ಬದಲಾಗಿದ್ದದ್ದು 63ನೆಯ ಕೊಂಡಿ. ಪ್ರೋಟಾನು ಕೂರುವ ಗ್ಲುಟಾಮಿಕ್ ಆಮ್ಲ ಇರುವುದು 61ನೆಯದರಲ್ಲಿ, ಎರಡೇ ಹೆಜ್ಜೆ ದೂರ. 2005ರಲ್ಲಿ ಇದು ಪ್ರಕಟವಾಯಿತು. ಆ ಮದ್ದೇ ಬೆಡಾಕ್ವಿಲಿನ್. 2012ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕ್ಷಯಕ್ಕೆ ಸುಮಾರು ನಲವತ್ತು ವರ್ಷಗಳಲ್ಲಿ ಬಂದ ಮೊದಲ ಹೊಸ ಜಾತಿಯ ಔಷಧಿ ಅದು.

ತಿರುಗು ಕುದುರೆಗೂ ಅದರ ಕಟ್ಟೆಗೂ ನಡುವೆ ಒಂದು ಬೆಣೆ ಹೊಡೆದರೆ ಏನಾಗುತ್ತದೆಯೋ ಬೆಡಾಕ್ವಿಲಿನ್ ಮಾಡುವುದು ಅದನ್ನೇ. ಪ್ರೋಟಾನು ಕೂರುವ ಜಾಗವನ್ನೇ ಹಿಡಿದು, ಬಳೆಯನ್ನು ಎ ಉಪಘಟಕದ ಬಳಿ ತಡೆಯುತ್ತದೆ. ಕೀಟಾಣು ಕೂಡಲೇ ಸಾಯುವುದಿಲ್ಲ. ಕೆಲವು ದಿನ ಕೂಡಿಟ್ಟದ್ದರಲ್ಲಿ ಜೀವ ಹಿಡಿದಿರುತ್ತದೆ, ಆಮೇಲೆ ಸಾಯುತ್ತದೆ. ಮಲಗಿದ್ದದ್ದೂ ಸಾಯುತ್ತದೆ. ನಮ್ಮ ಬಳೆಯ ಮೇಲೆ ಇದರ ಹಿಡಿತ ಸಾವಿರಾರು ಪಟ್ಟು ಸಡಿಲ ಎಂದು ಮೊದಲ ಅಧ್ಯಯನಗಳು ತೋರಿಸಿದವು. ಹಾಗೆಂದು ನಿರಪಾಯಕಾರಿ ಮದ್ದೇನಲ್ಲ. ಹೃದಯದ ಲಯದ ಮೇಲೆ ಪರಿಣಾಮ ಇರುವುದರಿಂದ ಇ.ಸಿ.ಜಿ. ನೋಡುತ್ತಲೇ ಕೊಡಬೇಕು.

ಈ ಯಂತ್ರದ ಬೆನ್ನುಹತ್ತಿದವರು ನಮ್ಮ ಬೆಂಗಳೂರಿನಲ್ಲೂ ಇದ್ದರು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಬಳ್ಳಾರಿ ರಸ್ತೆಯಲ್ಲಿದ್ದ ಆಸ್ಟ್ರಾಜೆನೆಕಾ ಸಂಶೋಧನಾ ಕೇಂದ್ರದ ರಸಾಯನ ವಿಜ್ಞಾನಿಗಳು ಕ್ಷಯದ ಎಟಿಪಿ ಸಿಂಥೇಸನ್ನೇ ಗುರಿಯಿಟ್ಟು ಎರಡು ಹೊಸ ಜಾತಿಯ ಅಣುಗಳನ್ನು ಕಂಡುಕೊಂಡರು. ಒಂದರ ಹೆಸರು ಸ್ಕ್ವಾರಮೈಡ್. 2014ರಲ್ಲಿ ಕಂಪನಿ ಅಲ್ಲಿನ ಸಂಶೋಧನೆ ನಿಲ್ಲಿಸಿತು. ಅಣುಗಳ ವಿವರ ಮಾತ್ರ ಕಳೆದುಹೋಗಲಿಲ್ಲ, 2017ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು. 2023ರಲ್ಲಿ ಕೆನಡಾದ ಟೊರಾಂಟೊದ ತಂಡ ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸ್ಕ್ವಾರಮೈಡನ್ನು ಕೀಟಾಣುವಿನ ಆ ಸಾಧು ದಾಯಾದಿಯ ಕಿಣ್ವದೊಳಗೆ ಕೂತಿದ್ದಂತೆಯೇ ನೋಡಿತು. ಎ ಮತ್ತು ಸಿ ಸೇರುವ ಜಾಗದಲ್ಲೇ ಕೂತಿತ್ತು, ಆದರೆ ಬೆಡಾಕ್ವಿಲಿನ್ ಹಿಡಿಯುವ ರೀತಿಯಲ್ಲಿ ಅಲ್ಲ. ಬೆಡಾಕ್ವಿಲಿನ್‌ಗೆ ಬಗ್ಗದ ಕೀಟಾಣುವಿಗೆ ಮುಂದೊಂದು ದಿನ ಈ ದಾರಿ ಬೇಕಾಗಬಹುದು. ಲಾಭದ ಲೆಕ್ಕದಲ್ಲಿ ಕ್ಷಯ ಯಾವತ್ತೂ ಹಿಂದೆ ಬೀಳುತ್ತದೆ, ಏಕೆಂದರೆ ಅದು ಬಡವರ ರೋಗ. ಇಂಥ ಕೆಲಸವನ್ನು ಸರ್ಕಾರದ ಹಣದಿಂದ, ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಮಾಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬೆಡಾಕ್ವಿಲಿನ್ ಭಾರತಕ್ಕೆ 2016ರಲ್ಲಿ ಬಂತು, ಕೆಲವೇ ಆಸ್ಪತ್ರೆಗಳಿಗೆ, ಕೆಲವೇ ರೋಗಿಗಳಿಗೆ. ಯಾನ್ಸೆನ್ ಕಂಪನಿ ಪೇಟೆಂಟಿನ ಅವಧಿ ಹಿಗ್ಗಿಸಲು ಹೊರಟಾಗ, ಕ್ಷಯದ ಔಷಧಿಯಿಂದ ಕಿವಿ ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು, ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೆಜಾ ಟಿಸಿಲೆ, ತಕರಾರು ಸಲ್ಲಿಸಿದರು. 2023ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಬೆಡಾಕ್ವಿಲಿನ್ ಜೊತೆ ಇನ್ನು ಮೂರು ಔಷಧಿ ಸೇರಿಸಿದ ಆರು ತಿಂಗಳ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಮೊದಲು ಔಷಧಿಗೆ ಬಗ್ಗದ ಕ್ಷಯದ ರೋಗಿಗಳು ಒಂದೂವರೆ ಎರಡು ವರ್ಷ ಮಾತ್ರೆ ನುಂಗಬೇಕಿತ್ತು, ಅದರಲ್ಲಿ ತಿಂಗಳುಗಟ್ಟಲೆ ದಿನವೂ ಚುಚ್ಚಿಸಿಕೊಳ್ಳಬೇಕಿತ್ತು.

ಕೊನೆಯದಾಗಿ, ಮನೆಯಲ್ಲಿ ರೋಗಿ ಇರುವವರು ಗಮನವಿಟ್ಟು ಕೇಳಬೇಕಾದ ಒಂದು ವಿಷಯ. ಬೆಡಾಕ್ವಿಲಿನ್ ಮೈಯಿಂದ ಬಹಳ ನಿಧಾನ ಹೋಗುತ್ತದೆ. ನಿಲ್ಲಿಸಿದ ಮೇಲೂ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಐದೂವರೆ ತಿಂಗಳು ಹಿಡಿಯುತ್ತದೆ. ಜೊತೆಯ ಔಷಧಿಗಳು ಕೆಲವೇ ಗಂಟೆ, ದಿನಗಳಲ್ಲಿ ಹೋಗಿಬಿಡುತ್ತವೆ. ಕೆಮ್ಮು ನಿಂತಿತು, ಮೈ ತುಂಬಿತು ಎಂದು ರೋಗಿ ಮಾತ್ರೆ ನಡುವೆ ಬಿಟ್ಟರೆ, ತಿಂಗಳುಗಟ್ಟಲೆ ಕೀಟಾಣುವಿನ ಎದುರು ಬೆಡಾಕ್ವಿಲಿನ್ ಒಂದೇ, ಅದೂ ಸೊರಗಿದ ಪ್ರಮಾಣದಲ್ಲಿ, ಉಳಿಯುತ್ತದೆ. ಔಷಧಿಗೆ ಬಗ್ಗದಿರುವುದನ್ನು ಕೀಟಾಣು ಕಲಿಯುವುದು ಇಂಥ ಹೊತ್ತಿನಲ್ಲೇ. 63ನೆಯ ಕೊಂಡಿ ಒಂದು ಬದಲಾದರೆ ಸಾಕು ಎಂದು ಈಗ ನಿಮಗೂ ಗೊತ್ತು. ಆ ರೋಗಿಯಿಂದ ಅದು ಪಕ್ಕದ ಮನೆಗೆ ಹೋಗುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರು, ಅಂಗಡಿಯಲ್ಲಿ ತರಕಾರಿ ತೂಗುವವರು, ಆಟೋ ಓಡಿಸುವವರು, ನಿಮ್ಮ ಮಕ್ಕಳು, ಯಾರೇ ಆಗಲಿ ಎರಡು ವಾರ ಮೀರಿ ಕೆಮ್ಮುತ್ತಿದ್ದರೆ ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಶುರು ಮಾಡಿದ ಮಾತ್ರೆ ಕೊನೆಯ ದಿನದವರೆಗೂ ನಿಲ್ಲದಂತೆ ನೋಡಿಕೊಳ್ಳಿ. ಅವರ ತಟ್ಟೆ ಲೋಟ ಬೇರೆ ಇಡಬೇಡಿ.